ಅತ್ತೆಯ ಕಣ್ಣು, ಉಪ್ಪಿನಕಾಯಿ ಭರಣಿ

“ನನ್ನ ಕಣ್ಣೇನು ಉಪ್ಪಿನಕಾಯಿ ಭರಣಿ ಏನ್ರಿ, ಬೂಷ್ಟು ಹಿಡ್ಯಾಕ?”

ಕಲಬುರಗಿಯ ಆಸ್ಪತ್ರೆಯಲ್ಲಿ, ಕಣ್ಣೊಳಗೆ ಬೂಷ್ಟು ಬಂದಿದೆ ಎಂದ ಡಾಕ್ಟರಮ್ಮನಿಗೆ ನಮ್ಮತ್ತೆ ಕೇಳಿದ ಪ್ರಶ್ನೆ ಇದು. ಡಾಕ್ಟರಮ್ಮನ ಕೈಯಲ್ಲಿದ್ದ ಟಾರ್ಚ್ ಅಲುಗಿತು. (ನಗು ತಡೆದುಕೊಂಡರು, ಪಾಪ.)

ಆಗಿದ್ದಿಷ್ಟು. ಭೂಸನೂರಿನ ನಮ್ಮ ಹೊಲದಲ್ಲಿ ಕಬ್ಬಿನ ಗರಿ ಅತ್ತೆಯ ಬಲಗಣ್ಣಿಗೆ ಗೀರಿತ್ತು. ಕಣ್ಣು ಕೆಂಪಾಯಿತು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡ್ರಾಪ್ಸ್ ಹಾಕಿದೆವು. ಯಾರು ತಾನೇ ಹಾಕುವುದಿಲ್ಲ? ಕೆಂಪು ಇಳಿಯಿತು, ಜೊತೆಗೆ ನೋಟವೂ ಇಳಿಯಿತು. ಗರಿಯ ಸಂಗಡ ಹೊಕ್ಕ ಫಂಗಸ್‌ಗೆ ಆ ಸ್ಟಿರಾಯ್ಡ್ ಡ್ರಾಪ್ಸ್ ಹಬ್ಬದೂಟವಾಗಿತ್ತಂತೆ! ಈಗ ಕಣ್ಣೊಳಗೇ ಇಂಜೆಕ್ಷನ್ ಕೊಡಬೇಕು, ತಡವಾದರೆ ಕಣ್ಣು ಉಳಿಯುವುದಿಲ್ಲ ಎಂದರು. ಎಡಗಣ್ಣು ಮೊದಲೇ ಮಂದ.

ನಾನು ಔಷಧ ತರುವಷ್ಟರಲ್ಲಿ ಅತ್ತೆ ನಾಪತ್ತೆ. ಎಲ್ಲಿದ್ದರು ಹೇಳಿ? ಆಸ್ಪತ್ರೆಯ ಅಂಗಳದಲ್ಲಿ, ಉರಿಬಿಸಿಲಿಗೆ ಮುಖವೆತ್ತಿ, ಎರಡು ಬೆರಳಿಂದ ರೆಪ್ಪೆ ಅಗಲಿಸಿ ಕೂತಿದ್ದರು!

“ಅತ್ತಿ, ಏನ್ ಮಾಡಾಕತ್ತೀರಿ?”

“ಕಾಣ್ಸಂಗಿಲ್ಲೇನ್ ಬೇ? ಬೂಷ್ಟು ಒಣಗ್ಸಾಕತ್ತೇನಿ. ಭರಣಿ ಬಿಸಲಿಗಿ ಇಡಂಗಿಲ್ಲೇನು? ಕಣ್ಣಾಗ ಸೂಜಿ ಚುಚ್ಚತಾರಂತ, ಸೂಜಿ!”

ಹಿಂದೆಯೇ ಓಡಿ ಬಂದ ಡಾಕ್ಟರಮ್ಮ ಅಂಗೈ ಅಡ್ಡ ಹಿಡಿದು ಬಿಸಿಲು ಮರೆಮಾಡಿದರು. ಅವರೂ ನಮ್ಮ ಸೀಮೆಯವರೇ, ಜೇವರ್ಗಿ ಕಡೆಯವರು.

“ಅವ್ವಾರ, ಹಿಂಗ ಸೂರ್ಯಗ ನೋಡಿದ್ರ ಇನ್ನೊಂದು ಕಣ್ಣೂ ಹೋಗ್ತದ. ಬಿಸಲಿಗಿ ಇಡೋದು ಖಾಲಿ ಭರಣಿ. ಇದು ತುಂಬಿದ ಭರಣಿ. ಬೂಷ್ಟು ಒಳಗ ಅದ, ಔಷಧನೂ ಒಳಗೇ ಹೋಗಬೇಕು.”

ಅತ್ತೆ ರೆಪ್ಪೆಯಿಂದ ಬೆರಳು ತೆಗೆದರು. ಆಮೇಲೆ ಮೆಲ್ಲಗೆ ಕೇಳಿದರು: “ಪೂಜಾದಾಗ ಅಂಗೈ ಮ್ಯಾಲಿನ ಲಿಂಗ ಕಾಣ್ತದೇನ್ರಿ?”

“ಮಾತು ಕೊಡಂಗಿಲ್ಲ. ಪ್ರಯತ್ನ ಮಾಡ್ತೇನಿ.”

“ಹಂಗಾರ ಚುಚ್ಚರಿ.”

(ಸುಳ್ಳು ಭರವಸೆ ಕೊಡದ ಡಾಕ್ಟರು ಸಿಗುವುದೂ ದೇವರ ದಯೆಯೇ.)

ಒಂದು ಇಂಜೆಕ್ಷನ್‌ಗೆ ಮುಗಿಯಲಿಲ್ಲ. ಮತ್ತೆ ಚುಚ್ಚಿದರು. ಆಪರೇಷನ್ ಮಾಡಿ ಕಣ್ಣೊಳಗಿನ ಹೊಲಸು ತೆಗೆದರು. ಗುಳಿಗೆ, ಹೊಸ ಡ್ರಾಪ್ಸ್ ತಿಂಗಳುಗಟ್ಟಲೆ ನಡೆದವು. ಜಿಡಗಾ ಮಠಕ್ಕೆ ಹೋಗಿ ಬೇಡಿಕೊಂಡೆ, ಹೋಗುವಾಗ ಡ್ರಾಪ್ಸ್ ಬಾಟಲಿಯೂ ಚೀಲದಲ್ಲಿತ್ತು. ದೇವರ ಕೆಲಸ ದೇವರಿಗೆ, ನನ್ನ ಕೆಲಸ ನನಗೆ.

ಮೊದಲು ಬೆಳಕು ಕಂಡಿತು. ಆಮೇಲೆ ಬೆರಳು. ಒಂದು ಬೆಳಿಗ್ಗೆ ಪೂಜೆಗೆ ಕೂತ ಅತ್ತೆ ಅಂಗೈಯನ್ನು ಕಣ್ಣಿನ ಹತ್ತಿರ ತಂದು, “ಕಂಡ ಬೇ! ಮಸಕ ಮಸಕದಾನ, ಆದ್ರ ಕಂಡ!” ಎಂದು ಕೂಗಿದರು. ನನಗೆ ಅಷ್ಟೇ ಸಾಕಿತ್ತು.

ದೇವರು ಅಷ್ಟಕ್ಕೇ ನಿಲ್ಲಿಸಲಿಲ್ಲ ನೋಡಿ. ಮೊನ್ನೆ ರೊಟ್ಟಿಗೆ ಉಪ್ಪಿನಕಾಯಿ ಹಾಕಿಕೊಳ್ಳಲು ಅತ್ತೆ ಭರಣಿಯ ಮೇಲೆ ಬಗ್ಗಿದರು, ಮೂಗು ತಾಗುವಷ್ಟು.

“ಏ ಬೇ, ಬೂಷ್ಟು ಬಂದದ ಇದಕ್ಕ! ನಿನ್ನ ಎರಡೂ ಕಣ್ಣು ಎಲ್ಲಿ ಮೇಯಾಕ ಹೋಗ್ಯಾವ?”

ಹೋಗಿ ನೋಡಿದೆ. ಜೋಳದ ಕಾಳಿನಷ್ಟು ಬಿಳಿ ಚುಕ್ಕೆ. ಬೆಳಿಗ್ಗೆ ಅದೇ ಭರಣಿಗೆ ಚಮಚ ಹಾಕಿದ ನನಗೆ ಕಂಡಿರಲಿಲ್ಲ.

ಅತ್ತೆ ಬೈದರೆಂದು ದೇವರಿಗೆ ತುಪ್ಪದ ದೀಪ ಹಚ್ಚಿದ ಸೊಸೆ ನಿಮ್ಮೂರಲ್ಲಿ ಯಾರಾದರೂ ಇದ್ದಾಳೆಯೇ?