ಶಾಲೆಯ ಗಂಟೆಗೂ ಮುಂಚೆ

ಸಾಲಿಗ್ರಾಮದ ಹತ್ತಿರ ನಾನು ಗಣಿತ ಹೇಳಿಕೊಡುತ್ತಿದ್ದ ಪ್ರೈಮರಿ ಶಾಲೆಯಲ್ಲಿ ಒಬ್ಬರು ಮಿಸ್ ಇದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆಯೇ ಅವರ ಮಾತು ಶುರು. ಯಾರು ಏನು ಹೇಳಿದರೂ ಅವರದು ಒಂದೇ ಪ್ರಶ್ನೆ: "ನಿಂಗೆ ಹೆಂಗೆ ಗೊತ್ತು?" ಮಳೆ ಬರಬಹುದು ಎಂದರೆ ನನಗೂ ಅದೇ ಪ್ರಶ್ನೆ, ಮರ್ಯಾದೆಗೆ "ನಿಮ್ಗೆ" ಅನ್ನುತ್ತಿದ್ದರು, ಅಷ್ಟೆ.

ಅವರು ಶನಿವಾರದ ಇತಿಹಾಸ ಸಂಘ ಶುರುಮಾಡಿದಾಗ ಹೆಡ್‌ಮಾಸ್ಟರು ನಕ್ಕರು. "ಮಗ್ಗಿನೇ ಬರದ ಮಕ್ಳಿಗೆ ಇತಿಹಾಸ ಯಾಕಮ್ಮ? ಒಂದು ತಿಂಗ್ಳು ನೋಡಿ ನಿಲ್ಲಿಸ್ಬುಡಿ." ಮಕ್ಕಳೋ, ಹೇಳಿದ್ದಕ್ಕೆಲ್ಲ "ಹೂಂ ಮಿಸ್" ಎಂದು ತಲೆಯಾಡಿಸುತ್ತಿದ್ದರು. ಮಿಸ್‌ಗೆ ಅದೇ ಸಂಕಟ.

ತಿಂಗಳ ಕೊನೆಯ ಶನಿವಾರ ಹೆಡ್‌ಮಾಸ್ಟರು ಬಂದು ಜಗಲಿಯ ಅಂಚಿಗೆ ನಿಂತರು. ಮಿಸ್, ತೂಗುಹಾಕಿದ್ದ ರೈಲು ಕಂಬಿಯ ತುಂಡು ತೋರಿಸಿ, "ಶಾಲೆ ಶುರುವಾದಾಗಿಂದ ಇದೇ ನಮ್ಮ ಗಂಟೆ" ಎಂದರು.

ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಎದ್ದಳು. "ನಿಮ್ಗೆ ಎಂಗೆ ಗೊತ್ತು ಮಿಸ್? ಮೊದ್ಲು ಇತ್ತಾಳೆ ತಟ್ಟೆ ಬಡೀತಿದ್ರು."

ಮಿಸ್ ಕಣ್ಣು ಅಗಲವಾಯಿತು. "ನಿಂಗೆ ಹೆಂಗೆ ಗೊತ್ತು?"

"ನಮ್ಮಜ್ಜಿ ಯೋಳ್ತು."

"ಅಜ್ಜಿಗೆ ಹೆಂಗೆ ಗೊತ್ತು?"

ಹುಡುಗಿ ಸೊಂಟಕ್ಕೆ ಕೈಯಿಟ್ಟಳು. "ಇದೇ ಇಸ್ಕೂಲಲ್ಲಿ ಓದಿದ್ದು ಕಣ್ ಮಿಸ್. ತಟ್ಟೆ ಬಡೀತಿದ್ದಿದ್ದೇ ನಮ್ಮಜ್ಜಿ!"

ಮಿಸ್ ಗಂಟೆ ಬಡಿಯುವ ಸುತ್ತಿಗೆಯನ್ನು ಹುಡುಗಿಯ ಕೈಗೆ ಕೊಟ್ಟು, ಅವಳನ್ನು ಗಂಟೆಯ ಎತ್ತರಕ್ಕೆ ಎತ್ತಿ ಹಿಡಿದರು. ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಊರಿಗೆಲ್ಲ ಕೇಳಿಸಿತು.

ಮುಂದಿನ ಶನಿವಾರ ಮಿಸ್ ಕುರ್ಚಿಯಲ್ಲಿ ಆ ಅಜ್ಜಿ ಕೂತಿತ್ತು. ಎದುರಿಗೆ ನೆಲದ ಮೇಲೆ, ಮಕ್ಕಳ ನಡುವೆ, ಹೆಡ್‌ಮಾಸ್ಟರು ಪ್ರಶ್ನೆ ಕೇಳಲು ಕೈ ಎತ್ತಿದ್ದರು.