ಮಡಿಕೋಲು ಮುಟ್ಟಿದ ಪರದೆ

ಜನ ಕಂಪ್ಯೂಟರನ್ನು ಹೇಗೆ ಬಳಸುತ್ತಾರೆ ಎಂಬ ವಿಚಾರಸಂಕಿರಣಕ್ಕೆ ನಾದಿನಿಯ ಮಗಳು ಅಂದು ಮಧ್ಯಾಹ್ನದೊಳಗೆ ಪ್ರಬಂಧ ಕಳಿಸಬೇಕಿತ್ತು. ಪರೀಕ್ಷೆಗೆ ಇನ್ನೊಬ್ಬ ಗೃಹಿಣಿ ಬೇಕೆಂದು, ಬೆರಳಿನಿಂದ ಒತ್ತುವ ಪರದೆ ಹೊತ್ತು ಬೆಳಿಗ್ಗೆಯೇ ಬಸವನಗುಡಿಯ ನಮ್ಮ ಮನೆಗೆ ಬಂದಳು. ನಾನು ಮಡಿಯುಟ್ಟು ನೈವೇದ್ಯಕ್ಕೆ ಅನ್ನ ಇಟ್ಟಿದ್ದೆ.

“ನಾಲ್ಕು ಸಲ ಒತ್ತಿದ್ರೆ ಸಾಕು ಅತ್ತೆ, ನೀವೇ ಕೊನೆಯವ್ರು.”

“ಮಡೀಲಿದೀನಿ ಕಣೆ, ಅದನ್ನೆಲ್ಲ ಮುಟ್ಟಕ್ಕಾಗಲ್ಲ.”

ಅವಳ ಮುಖ ಸಣ್ಣದಾಯಿತು. ಮಡಿಬಟ್ಟೆಯನ್ನು ಮೇಲೆ ಒಣಹಾಕುವ ಬಿದಿರಿನ ಕೋಲು ಮೂಲೆಯಲ್ಲಿತ್ತು. ದೂರ ನಿಂತು ಅದರ ತುದಿಯಿಂದ ಒತ್ತಿದೆ. ಯಾವುದರಿಂದ ಒತ್ತಿದರೂ ಓಗೊಡುವ ಹಳೆಯ ಬಗೆಯ ಪರದೆ, ನಾಲ್ಕು ಸಲವೂ ಮಾತು ಕೇಳಿತು.

“ಬೆರಳಲ್ಲೇ ಒತ್ತುತ್ತಾರೆ ಅಂತ ಬರೆದಿದ್ದೆ, ಈಗ ತಿದ್ದಬೇಕು!” ಎಂದು ನಗುತ್ತಾ ಬರೆದುಕೊಂಡಳು.

ಪ್ರಬಂಧ ಹೊತ್ತಿಗೆ ಸರಿಯಾಗಿ ಹೋಯಿತು, ಮುಂದೆ ಒಪ್ಪಿಗೆಯೂ ಆಯಿತು. ನನ್ನ ಮಡಿಯೂ ಉಳಿಯಿತು. ಕೋಲನ್ನು ಮಾತ್ರ ತೊಳೆದಿಟ್ಟೆ. ದೇವರು ಅಷ್ಟಕ್ಕೇ ಬಿಟ್ಟ.