ಅಜ್ಜಿ ಬಿಟ್ಟ ತುಪ್ಪ

ಮೊನ್ನೆ ಎಳ್ಳು ಅಮಾವಾಸ್ಯೆಗೆ, ನಮ್ಮ ಕಡೆಯ ಎಳ್ಳಮಾಸಿಗೆ, ಭಜ್ಜಿ ಪಲ್ಯಕ್ಕೆ ಒಗ್ಗರಣೆ ಹಾಕಲು ಕುಸುಬಿ ಎಣ್ಣೆ ಕಾಯಿಸಿದೆ. ಹಸಿ ವಾಸನೆ ಹೋಗಿ ಘಮ ಏಳುತ್ತಲೇ ನನ್ನ ಕೈ ನಿಂತುಬಿಟ್ಟಿತು. ಸಾಸಿವೆ ಸೀದುಹೋಯಿತು. ಪಕ್ಕದ ಮನೆಯ ಅಜ್ಜಿ ನೆನಪಾದರೆ ಸಾಕು, ಅವತ್ತು ನನ್ನ ಯಾವ ಕೆಲಸವೂ ನೆಟ್ಟಗಾಗುವುದಿಲ್ಲ...

ಅಫಜಲಪುರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅಜ್ಜಿಯ ಸೊಸೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು, ಓಣಿಗೆಲ್ಲ ಅವರು ಮೇಡಂ. ಪಿಎಚ್‌ಡಿಗೆಂದು ಹಿತ್ತಿಲ ಕೋಣೆಯಲ್ಲಿ ಬಿಳಿ ಇಲಿ ಸಾಕಿದ್ದರು. ಒಂದು ಪಂಜರಕ್ಕೆ ತುಪ್ಪ ಬೆರೆಸಿದ ಕಾಳು, ಇನ್ನೊಂದಕ್ಕೆ ಪಾಮ್ ಎಣ್ಣೆಯದು, ಮತ್ತೊಂದಕ್ಕೆ ಕುಸುಬಿ ಎಣ್ಣೆಯದು. ವಯಸ್ಸಾದ ಜೀವದ ರಕ್ತದಲ್ಲಿ ಯಾವ ಜಿಡ್ಡು ಎಷ್ಟು ಕೊಲೆಸ್ಟ್ರಾಲ್ ಏರಿಸುತ್ತದೆ ಎಂದು ನೋಡುವ ಕೆಲಸ. ಮುದಿ ಇಲಿ ಪೇಟೆಯಲ್ಲಿ ಸಿಗುವುದಿಲ್ಲ, ಮರಿಯಿಂದ ಸಾಕಿಯೇ ಮುದಿ ಮಾಡಬೇಕು. ಮೇಡಂ ತವರಿಗೂ ಹೋಗದೆ ಅವುಗಳ ಮುಂದೆ ಕೂತಿದ್ದರು.

ಮನೆಯೊಳಗೆ ಬೇರೆಯೇ ಜಗಳ. ಎದೆನೋವಿನ ಅಜ್ಜಿಗೆ ಕಲಬುರಗಿಯ ಡಾಕ್ಟರು ತುಪ್ಪ ಬಿಡಲು ಹೇಳಿದ್ದರು. ಆಕೆ ಕೇಳಿದರೆ ತಾನೆ? ರೊಟ್ಟಿಯ ಮೇಲೆ ತುಪ್ಪ ಬೀಳದಿದ್ದರೆ ತಾಟು ಸರಿಸುತ್ತಿದ್ದಳು.

“ನಿನ್ನ ಇಲಿ ಏನಂತಾವ ನೋಡಿ ಹೇಳು ಬೇ, ಆಮ್ಯಾಲ ಬಿಡ್ತೇನಿ.”

ಆ ವರ್ಷದ ಎಳ್ಳಮಾಸಿಗೆ ಎಲ್ಲರೂ ಹೊಲಕ್ಕೆ ಹೋದೆವು. ಮೊಣಕಾಲು ನೋವೆಂದು ಅಜ್ಜಿ ಮನೆಯಲ್ಲೇ ಉಳಿದಳು. ಮರುದಿನ ಇಲಿಗಳ ಕೊನೆಯ ರಕ್ತಪರೀಕ್ಷೆ. ಮೇಡಂಗೆ ಕೂತಲ್ಲಿ ಕೂರಲಾಗಲಿಲ್ಲ, ಹೋಳಿಗೆ ಮುರಿದು ಮುರಿದು ಇಟ್ಟರೇ ಹೊರತು ತಿನ್ನಲಿಲ್ಲ. ಹೊಲದ ಸುತ್ತ ಚರಗದ ಎಡೆ ಚೆಲ್ಲಿದ ಮೇಲೆ ನನ್ನನ್ನೂ ಎಬ್ಬಿಸಿಕೊಂಡು ಊರಿಗೆ ಬಂದರು.

ಬಂದು ನೋಡಿದರೆ, ಎಲ್ಲ ಪಂಜರಗಳಲ್ಲೂ ತುಪ್ಪದಲ್ಲಿ ಅದ್ದಿದ ಶೇಂಗಾ ಹೋಳಿಗೆ. ಅಜ್ಜಿ ಮುಂದೆ ಕೂತು ಇನ್ನೂ ಹಾಕುತ್ತಿದ್ದಳು.

“ಇವತ್ತೇ ಏನಲ್ಲ ಬೇ, ದಸರಾದಿಂದ ದಿನಾ ನೀ ಕಾಲೇಜಿಗೆ ಹೋದ ಮ್ಯಾಲ ಹಾಕಾಕತ್ತೇನಿ. ಒಂದು ಪಂಜರಕ್ಕ ತುಪ್ಪ, ಉಳಿದವಕ್ಕ ಇಲ್ಲಂದ್ರ ಹೆಂಗ? ಒಂದ ಮನ್ಯಾಗ ಎರಡು ಪಂಕ್ತಿ ಮಾಡಬಾರದು.”

ಸಿಟ್ಟು ನನಗೇ ಬಂತು. “ಆಕಿ ಇಷ್ಟು ವರ್ಷ ಮಾಡಿದ್ದೆಲ್ಲಾ ಮಣ್ಣುಪಾಲಾತು ನೋಡ್ರಿ” ಎಂದು ಅಜ್ಜಿಗೆ ಬಿಡಿಸಿ ಹೇಳಿದವಳೂ ನಾನೇ. ಮೇಡಂ ಬೈಯಲಿಲ್ಲ. ಅಡುಗೆಮನೆಯಿಂದ ಕೋಣೆಗೆ, ಕೋಣೆಯಿಂದ ಅಡುಗೆಮನೆಗೆ ಸುಮ್ಮನೆ ತಿರುಗಿದರು. ಅಜ್ಜಿ ಕೈಯಲ್ಲಿದ್ದ ಹೋಳಿಗೆ ಚೂರನ್ನು ಸೆರಗಿಗೆ ಒರೆಸುತ್ತ ಕೂತಳು. ಅಳುತ್ತಿದ್ದಳೋ ಏನೋ...

ಮರುದಿನ ಬೆಳಿಗ್ಗೆ ಸೊಸೆಯ ಮುಂದೆ ತೋಳು ಚಾಚಿ ನಿಂತಳಂತೆ. “ಇಲಿ ಕೆಟ್ಟವು, ನಾ ಇದ್ದೇನಲ್ಲ. ನಾನೂ ಮುದಿ ಜೀವನೇ. ಇವತ್ತಿಂದ ನನಗ ಕುಸುಬಿ ಎಣ್ಣಿ ಹಾಕು. ರಕ್ತ ತಗೊಂಡು ನೋಡ್ಕೊ.”

ಒಬ್ಬ ಅಜ್ಜಿಯ ರಕ್ತದಿಂದ ಪಿಎಚ್‌ಡಿ ಆಗುವುದಿಲ್ಲ. ಆದರೆ ಹಟಮಾರಿ ತಾನಾಗಿಯೇ ತುಪ್ಪ ಬಿಟ್ಟಳಲ್ಲ ಎಂದು ಮೇಡಂ ಅದನ್ನು ಅಜ್ಜಿಗೆ ಹೇಳಲಿಲ್ಲ. ಆಗಾಗ ರಕ್ತ ಕೊಟ್ಟು ಬಂದು ಅಜ್ಜಿ ಓಣಿಯಲ್ಲಿ ಜಂಬದಿಂದ ಹೇಳುತ್ತಿದ್ದಳು: “ನನ್ನ ಕೊಬ್ಬು ಇಳಿದದ. ಸೊಸಿ ಪಾಸಾಗ್ತಾಳ.” ಮೇಡಂ ಮಾತ್ರ ಆಕೆಗೆ ಕಾಣದಂತೆ ಕಾಲೇಜಿನಲ್ಲಿ ಮತ್ತೆ ಮರಿಗಳಿಂದ ಶುರು ಮಾಡಿದ್ದರು.

ಅಜ್ಜಿ ಹಾಸಿಗೆ ಹಿಡಿದ ವರ್ಷ, ಎಳ್ಳಮಾಸಿಯ ದಿನ, ಮೇಡಂ ತಾವೇ ಹೋಳಿಗೆಗೆ ತುಪ್ಪ ಸುರಿದು ತಂದರು. “ಇವತ್ತೊಂದಿನ ತಿನ್ರಿ ಅತ್ತಿ.” ಅಜ್ಜಿ ಕಣ್ಣು ಮುಚ್ಚಿ ಅದರ ವಾಸನೆ ಎಳೆದುಕೊಂಡಳು. ಎಷ್ಟೋ ಹೊತ್ತು ಎಳೆದುಕೊಂಡಳು. ಆಮೇಲೆ ಮುಖ ತಿರುಗಿಸಿದಳು.

“ಬ್ಯಾಡ. ನಿನ್ನ ಲೆಕ್ಕ ಕೆಡತದ.”

ಶಿವರಾತ್ರಿಗೆ ಅಜ್ಜಿ ಇರಲಿಲ್ಲ.

ಮೊನ್ನೆ ಸಂಜೆ ಮೇಡಂ ನಮ್ಮ ಕಟ್ಟೆಗೆ ಬಂದು ಕೂತರು. ಅವರಿಗೆ ಡಾಕ್ಟರೇಟ್ ಸಿಕ್ಕು ಎಷ್ಟೋ ದಿನವಾಯಿತು, ಆ ಮಾತು ಅವರು ಎತ್ತುವುದೇ ಇಲ್ಲ. ಹೋಳಿಗೆ ತಾಟಿನ ಪಕ್ಕ ತುಪ್ಪದ ಬಟ್ಟಲಿಟ್ಟೆ. ಅದನ್ನೇ ನೋಡುತ್ತ ಕೇಳಿದರು, “ಅವತ್ತಾದ್ರೂ ಖರೇ ಹೇಳಿದ್ರ ಅತ್ತಿ ತಿಂತಿದ್ರೇನ್ರಿ ವೈನಿ?”

ತಿನ್ನುತ್ತಿದ್ದಳು ಎಂದರೂ ಸಂಕಟ, ಇಲ್ಲ ಎಂದರೂ ಸಂಕಟ. ಚಳಿಗೆ ಬಟ್ಟಲಿನ ತುಪ್ಪ ಗಟ್ಟಿಯಾಯಿತು. ಇಬ್ಬರೂ ಬರಿಯ ಹೋಳಿಗೆ ತಿಂದೆವು.